ಮಿಕ್ಕ ಅನ್ನಕ್ಕೆ ಫಿನಾಯಿಲ್ ಹುಯ್ದ ವರ್ಷ

ಕಳೆದ ವೈಶಾಖದಲ್ಲಿ ತಂಗಿಯ ಮೊಮ್ಮಗಳ ಮದುವೆಗೆ ಹೋಗಿದ್ದೆ. ಸೋಲೂರಿನಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಇನ್ನೊಂದು ಬಸ್ಸು. ಆ ಪೇಟೆಯ ಹೆಸರು ಬರೆಯುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ ಈ ಮೂರರ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ನಾನು ಹೇಳಲಿರುವ ಜನರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅಲ್ಲೇ ಬಾಳುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಊಟದ ಎರಡನೇ ಪಂಕ್ತಿ ಎದ್ದ ಮೇಲೆ ಪುರಸಭೆಯ ಎಳೆಯ ಅಧಿಕಾರಿಯೊಬ್ಬರು ಮೈಕು ಹಿಡಿದರು. ಮಿಕ್ಕ ಅಡುಗೆಯನ್ನು ಚೆಲ್ಲಬಾರದು, ಗಾಡಿ ಬರುತ್ತದೆ, ಹಸಿದವರಿಗೆ ತಲುಪಿಸುತ್ತೇವೆ. ಎಲೆ, ಸಿಪ್ಪೆ ಬೇರೆ ಇಡಿ, ಗೊಬ್ಬರ ಮಾಡುತ್ತೇವೆ. ಇದು ಈಗ ನಿಯಮ, ಮೀರಿದರೆ ದಂಡ ಎಂದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ, "ನಮ್ಮ ಊರಿಗೆ ಇದು ಹೊಚ್ಚ ಹೊಸ ಆಲೋಚನೆ" ಎಂದರು. ಜನ ಚಪ್ಪಾಳೆ ತಟ್ಟಿದರು.

ನನ್ನ ಕೈ ಮೇಲೇಳಲಿಲ್ಲ. ಹೊಚ್ಚ ಹೊಸದಂತೆ! ಪಕ್ಕದಲ್ಲಿ ಕೂತಿದ್ದ ತಂಗಿ, "ಯಾಕಕ್ಕ, ಮೈ ಸರಿ ಇಲ್ವಾ?" ಎಂದಳು. ಮೈ ಸರಿಯಾಗಿಯೇ ಇತ್ತು. ಹಳೆಯದೊಂದು ಸಿಟ್ಟು ಎದ್ದಿತ್ತು, ಅಷ್ಟೇ. ಈ ಊರಲ್ಲಿ ಈ ಕೆಲಸವನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡುತ್ತಿದ್ದ ಹೆಂಗಸೊಬ್ಬರಿದ್ದರು. ಅದೇ ಪುರಸಭೆ ಅವರ ಕೈಯಿಂದ ಅದನ್ನು ಕಿತ್ತುಕೊಂಡಿತು. ನಾನು ಅದನ್ನು ಕಣ್ಣಾರೆ ಕಂಡವಳು.

ನಾನಾಗ ಅಲ್ಲಿಯ ಪುರಸಭೆಯಲ್ಲಿ ಕಿರಿಯ ಆರೋಗ್ಯ ನಿರೀಕ್ಷಕಿ. ನೌಕರಿಗೆ ಹೊಸಬಳು, ಮದುವೆಯಾಗಿರಲಿಲ್ಲ, ಪೋಸ್ಟಾಫೀಸಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅದು ರೇಷ್ಮೆ ಮೆರೆದ ಕಾಲ. ಎಲ್ಲಿ ನೋಡಿದರೂ ಹಿಪ್ಪುನೇರಳೆ ತೋಟ. ರಾಗಿ ಹೊಲ, ಹುರುಳಿ ಹೊಲ ಎಲ್ಲ ರೇಷ್ಮೆ ಸೊಪ್ಪಿಗೆ ಜಾಗ ಬಿಟ್ಟುಕೊಟ್ಟಿದ್ದವು. ಬೆಳಗಾದರೆ ರೇಷ್ಮೆಗೂಡಿನ ಮೂಟೆ ಹೊತ್ತ ಬಸ್ಸುಗಳು, ಟೆಂಪೋಗಳು ಮಾರ್ಕೆಟ್ಟಿನ ದಾರಿ ಹಿಡಿಯುತ್ತಿದ್ದವು. ಹೆಂಚಿನ ಮನೆಗಳು ತಾರಸಿಯಾದವು. ಮದುವೆಗಳಂತೂ ಕೇಳಬೇಡಿ. ಮೊದಲು ಮನೆ ಮುಂದಿನ ಚಪ್ಪರದಲ್ಲಿ ಪಾಯಸ, ಹುಳಿ, ಅನ್ನದಲ್ಲಿ ಮುಗಿಯುತ್ತಿದ್ದ ಮದುವೆ ಚೌಲ್ಟ್ರಿಗೆ ಬಂತು. ಎಲೆಯ ಮೇಲೆ ಚಿರೋಟಿ, ಲಾಡು, ವಾಂಗಿಬಾತು, ಎರಡು ಬಗೆ ಪಲ್ಯ, ಮತ್ತೆ ಬೋಂಡ. ನೆಂಟರು ಉಣ್ಣಲಾಗದೆ ಬಿಟ್ಟು ಏಳುವುದೇ ಮನೆಯವರಿಗೆ ಹೆಮ್ಮೆ.

ಅದೇ ಊರಿನ ಇನ್ನೊಂದು ಬದಿಯಲ್ಲಿ ನೂಲು ಬಿಚ್ಚುವವರ ಬೀದಿ. ತಗಡಿನ ಶೆಡ್ಡುಗಳು, ಒಳಗೆ ಕುದಿಯುವ ನೀರಿನ ಬೋಗುಣಿಗಳು, ಅದರಲ್ಲಿ ತೇಲುವ ಗೂಡು. ಹೆಂಗಸರು ಬೆಳಗಿನಿಂದ ಆ ಬಿಸಿನೀರಿಗೆ ಬೆರಳು ಅದ್ದಿ ಎಳೆ ಹಿಡಿಯುತ್ತಿದ್ದರು. ಬೆಂದ ಹುಳದ ವಾಸನೆ ಬಟ್ಟೆಗೆ, ಕೂದಲಿಗೆ, ಉಸಿರಿಗೆ ಅಂಟಿಕೊಳ್ಳುತ್ತಿತ್ತು. ಜರೀನಾ ಎಂಬಾಕೆ ನನಗೆ ಅಲ್ಲಿ ಮೊದಲು ಪರಿಚಯವಾದವಳು. ಅವಳ ಬೆರಳ ತುದಿಗಳು ಬೆಳ್ಳಗೆ ನೆನೆದು ಬಿರಿದಿರುತ್ತಿದ್ದವು. ಮಧ್ಯಾಹ್ನ ಮನೆಗೆ ಹೋಗಿ ಒಲೆ ಹಚ್ಚಲು ಆ ಕೈಗೆ ಆಗುತ್ತಿರಲಿಲ್ಲ. "ಬೆಂಕಿ ಹತ್ರ ಹೋದ್ರೆ ಉರೀತದೆ ಮೇಡಮ್ಮ. ಮಕ್ಳು ಹಂಗೇ ಕಾಯ್ತವೆ" ಅನ್ನುತ್ತಿದ್ದಳು. ಊರಿನ ಆ ಸಿರಿಯೆಲ್ಲ ಇಂಥ ಬೆರಳುಗಳಿಂದ ಬಂದದ್ದು.

ಈ ಎರಡು ಬದಿಗೂ ನಡುವೆ ಓಡಾಡುತ್ತಿದ್ದವರು ಕೆಂಪಮ್ಮ. ಕೆರೆ ಏರಿಯ ಕೆಳಗೆ ಕುರುಬರ ಕೇರಿಯಲ್ಲಿ ಅವರ ಮನೆ. ಗಂಡ ತೀರಿಹೋಗಿದ್ದರು, ಒಂದು ಹಿಂಡು ಕುರಿ ಇತ್ತು. ಮದುವೆ ಇದ್ದ ದಿನ ಚೌಲ್ಟ್ರಿಯ ಹಿಂಬಾಗಿಲಿಗೆ ಮಂಕರಿ, ಪಾತ್ರೆ ತೆಗೆದುಕೊಂಡು ಬರುತ್ತಿದ್ದರು. ಅಡುಗೆಯ ನರಸಿಂಹ ಭಟ್ಟರು ಕೊನೆಯ ಪಂಕ್ತಿ ಕೂತ ಕೂಡಲೇ ಕೊಪ್ಪರಿಗೆಯಲ್ಲಿ ಉಳಿದದ್ದನ್ನು ಅವರ ಪಾತ್ರೆಗೆ ತುಂಬುತ್ತಿದ್ದರು. ಅದು ಯಾರೂ ಮುಟ್ಟದ ಅನ್ನ. ಬಿಸಿ ಆರುವ ಮುಂಚೆ ಅದು ನೂಲಿನ ಬೀದಿ ಸೇರುತ್ತಿತ್ತು. ಎಂಜಲೆಲೆಗಳು ಮಂಕರಿ ತುಂಬಿ ಕೇರಿಗೆ ಹೋಗುತ್ತಿದ್ದವು. ಒಂದಿಷ್ಟು ಕುರಿಗೆ, ಮಿಕ್ಕದ್ದು ತಿಪ್ಪೆಗೆ. ತಿಪ್ಪೆ ಮಾಗಿದ ಮೇಲೆ ರೇಷ್ಮೆ ತೋಟದವರು ಗಾಡಿ ಹೂಡಿಕೊಂಡು ಬಂದು ಒಯ್ಯುತ್ತಿದ್ದರು. ಪುರಸಭೆಯ ಕಸದ ಗಾಡಿಗೆ ಚೌಲ್ಟ್ರಿಯ ಕಡೆ ಕೆಲಸವೇ ಇರಲಿಲ್ಲ.

ನಾನು ಮಾಡಿದ್ದು ತೀರ ಕಡಿಮೆ. ಮೊಸರನ್ನ ಒಯ್ಯಬೇಡಿ, ಸಾರನ್ನು ಇನ್ನೊಮ್ಮೆ ಕುದಿಸಿಕೊಳ್ಳಿ, ಹೊತ್ತು ಇಳಿಯುವ ಮೊದಲೇ ಉಂಡುಬಿಡಿ ಎಂದು ಹೇಳುತ್ತಿದ್ದೆ. ಕೆಂಪಮ್ಮ, "ಆಯ್ತು ಕಣವ್ವ, ನಮ್ಗೇನು ಹಳಸಿದ್ದು ಗೊತ್ತಾಗಕ್ಕಿಲ್ವಾ?" ಎಂದು ನಗುತ್ತಿದ್ದರು.

ಇಷ್ಟು ಒಳ್ಳೆಯ ಏರ್ಪಾಡು ಒಬ್ಬ ಹೆಂಗಸಿನ ಕಾಲಿನ ಬಲದ ಮೇಲೆ ಯಾಕೆ ನಿಂತಿರಬೇಕು, ಊರಿಗೇ ಒಂದು ನಿಯಮವಾಗಲಿ ಎಂದು ನನಗೆ ಅನ್ನಿಸಿತು. ಮಿಕ್ಕ ಅಡುಗೆ ಜನಕ್ಕೆ, ಎಲೆ ತಿಪ್ಪೆಗೆ, ಚೌಲ್ಟ್ರಿಯವರು ಅದಕ್ಕೆ ಜಾಗ ಬಿಡಬೇಕು ಎಂದು ಬರೆದು ಮುಖ್ಯಾಧಿಕಾರಿಗಳಿಗೆ ಕೊಟ್ಟೆ. ಅವರು ಓದಿ, "ಒಳ್ಳೇದಿದೆಯಮ್ಮ, ಮೀಟಿಂಗಿಗೆ ಇಡೋಣ" ಎಂದರು. ನಾನು ಹಿಗ್ಗಿಹೋದೆ.

ಆ ಮೀಟಿಂಗಿಗೆ ಸ್ವಲ್ಪ ಮುಂಚೆ ನೂಲಿನ ಬೀದಿಯಲ್ಲಿ ಮಕ್ಕಳಿಗೆ ವಾಂತಿಭೇದಿಯಾಯಿತು. ನಾನೇ ಹೋಗಿ ನೋಡಿದೆ. ಶೆಡ್ಡಿನ ಕೊಳಕು ನೀರು ಹರಿಯುವ ಚರಂಡಿಯೊಳಗೇ ಕುಡಿಯುವ ನೀರಿನ ಪೈಪು ಒಡೆದಿತ್ತು. ಕಾಯಿಲೆ ಬಿದ್ದ ಮಕ್ಕಳಲ್ಲಿ ಚೌಲ್ಟ್ರಿ ಅನ್ನದ ಮುಖವನ್ನೇ ಕಾಣದವರೂ ಇದ್ದರು. ಪೈಪಿನ ಸಂಗತಿಯನ್ನು ಅಂದೇ ಕಚೇರಿಗೆ ತಿಳಿಸಿದೆ.

ಮೀಟಿಂಗಿನಲ್ಲಿ ಎದ್ದು ನಿಂತವರು ಸದಸ್ಯರಾದ ಶಿವನಂಜಪ್ಪನವರು. ಊರಿನ ದೊಡ್ಡ ಚೌಲ್ಟ್ರಿ ಅವರದೇ. "ಬೆಂಗಳೂರಿಂದ ದೊಡ್ಡ ದೊಡ್ಡೋರು ಬತ್ತಾರೆ ನಮ್ ಮಂಟಪಕ್ಕೆ. ಹಿಂದ್ಗಡೆ ನೋಡಿದ್ರೆ ಪಾತ್ರೆ ಹಿಡ್ಕಂಡು ಸಾಲು ನಿಂತಿರ್ತದೆ. ರೇಷ್ಮೆ ಊರಲ್ಲಿ ಅನ್ನಕ್ಕೆ ಗತಿ ಇಲ್ವಾ ಅಂದ್ಕಳಕ್ಕಿಲ್ವಾ ಅವ್ರು? ನಮ್ ಮರ್ವಾದೆ ಏನಾಗ್ಬೇಕು?" ಎಂದರು. ಆಮೇಲೆ ದನಿ ತಗ್ಗಿಸಿ, "ಅದೂ ಅಲ್ದೆ, ಆ ಅನ್ನ ತಿಂದೇ ಮಕ್ಳಿಗೆ ಭೇದಿ ಆಗಿರೋದು" ಎಂದು ಸೇರಿಸಿದರು.

ನಾನು ಎದ್ದು ಪೈಪಿನ ಮಾತು ಆಡಲು ಹೊರಟೆ. "ನೀವು ನೌಕರರು ಕಣಮ್ಮ, ಕೇಳಿದಾಗ ಹೇಳೀರಂತೆ, ಕೂತ್ಕಳಿ" ಎಂದು ಅವರೇ ತಡೆದರು. ಕೂತೆ. ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಎಲ್ಲ ಕೈ ಎತ್ತಿದರು. ನಾನು ಬರೆದುಕೊಟ್ಟದ್ದು ತಲೆಕೆಳಗಾಗಿ ಹೊರಗೆ ಬಂತು. ಮದುವೆ ಮಂಟಪದಲ್ಲಿ ಮಿಕ್ಕ ಯಾವ ಆಹಾರವನ್ನೂ ಮಂಟಪದಿಂದ ಹೊರಗೆ ಒಯ್ಯಕೂಡದು, ಆರೋಗ್ಯ ಸಿಬ್ಬಂದಿಯ ಎದುರಿಗೆ ಅದಕ್ಕೆ ಕ್ರಿಮಿನಾಶಕ ಹಾಕಿ ಪುರಸಭೆಯ ಗಾಡಿಗೆ ಸುರಿಯತಕ್ಕದ್ದು. ಇದು ಅವರು ಮಾಡಿದ ನಿಯಮ. ಒಡೆದ ಪೈಪು ಮಾತ್ರ ಹಾಗೆಯೇ ಇತ್ತು.

ನಿಯಮ ಬಂದ ಮೇಲೆ ಮೊದಲ ಮದುವೆ. ಬಿಸಿಲು ನೆತ್ತಿ ಸುಡುತ್ತಿತ್ತು. ಚೌಲ್ಟ್ರಿಯ ಹಿತ್ತಲಲ್ಲಿ ಕೊಪ್ಪರಿಗೆಯ ತುಂಬ ವಾಂಗಿಬಾತು, ತುಪ್ಪದಲ್ಲಿ ಮಿರುಗುತ್ತಿತ್ತು. ಹಿಂಬಾಗಿಲಿನ ಆಚೆ ಕೆಂಪಮ್ಮ, ಜರೀನಾ, ಇನ್ನಷ್ಟು ಹೆಂಗಸರು ನಿಂತಿದ್ದರು. ನಮ್ಮ ಕಸದ ಗಾಡಿಯ ಜಮೇದಾರ ಮುನಿಯಪ್ಪ ಫಿನಾಯಿಲ್ ಡಬ್ಬಿ ಹಿಡಿದು ನನ್ನ ಮುಖ ನೋಡಿದ. ನಾನು, "ನನ್ನ ಬಾಯಿಂದ ಹುಯ್ಯಿ ಅನ್ನೋ ಮಾತು ಬರಲ್ಲ ಮುನಿಯಪ್ಪ" ಎಂದೆ. ಅವನು ಡಬ್ಬಿಯನ್ನು ನೆಲಕ್ಕಿಟ್ಟ.

ಶಿವನಂಜಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಏನಮ್ಮ, ಸರ್ಕಾರಿ ಸಂಬ್ಳ ತಗಳಕ್ಕಾಯ್ತದೆ, ಕೆಲ್ಸ ಮಾಡಕ್ಕಾಗಕ್ಕಿಲ್ವಾ?" ಎಂದು ಡಬ್ಬಿ ಕಸಿದು ತಾವೇ ಸುರಿದರು. ಅನ್ನದ ಮೇಲೆ ಅದು ಹಾಲಿನ ಹಾಗೆ ಬೆಳ್ಳಗೆ ಹರಡಿತು. ಮೇಲೆ ಒಂದು ಬೊಗಸೆ ಡಿ.ಡಿ.ಟಿ. ಪುಡಿ. ಭಟ್ಟರು ಹೆಗಲ ಮೇಲಿನ ಟವಲು ತೆಗೆದು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಬೆಳಗಿನ ಜಾವದಿಂದ ಹೊಗೆಯಲ್ಲಿ ನಿಂತು ಮಾಡಿದ ಅಡುಗೆ ಅದು.

ಜರೀನಾ ಪಾತ್ರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಟುಹೋದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಡೆದಳು. ಅದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಕೆಂಪಮ್ಮ ಮಾತ್ರ ಕೇಳಿದರು. "ಇದ್ನ ಈಗ ಎಲ್ಲಿಗೆ ಹಾಕ್ತೀರಾ ಯಜಮಾನ್ರೆ? ಜನ ತಿನ್ನಂಗಿಲ್ಲ, ಕುರಿ ತಿನ್ನಂಗಿಲ್ಲ, ತಿಪ್ಪೆಗೆ ಹಾಕುದ್ರೆ ಎರೆಹುಳಾನೂ ಬದುಕಕ್ಕಿಲ್ಲ."

"ಅದು ಪುರಸಭೆ ನೋಡ್ಕತದೆ, ನಿನಗ್ಯಾಕೆ?" ಎಂದರು ಅವರು.

ಪುರಸಭೆ ನೋಡಿಕೊಂಡಿತು. ಅನ್ನ, ಎಲೆ ಎಲ್ಲವನ್ನೂ ಒಟ್ಟಿಗೆ ಗಾಡಿಗೆ ತುಂಬಿ ಕೆರೆಯ ಅಂಗಳಕ್ಕೆ ಸುರಿಯಿತು. ಆ ಬೇಸಿಗೆಯ ಮದುವೆಗಳ ಊಟವೆಲ್ಲ ಅಲ್ಲಿ ಗುಡ್ಡೆ ಬಿತ್ತು. ನನಗೆ, ಮೇಲಿನವರ ಮಾತು ಯಾಕೆ ಮೀರಿದೆ ಎಂದು ಕೇಳಿ ಮೆಮೊ ಬಂತು. ಅನ್ನಕ್ಕೆ ವಿಷ ಹಾಕುವುದು ಆರೋಗ್ಯ ಇಲಾಖೆಯ ಕೆಲಸವಲ್ಲ ಎಂದು ಉತ್ತರ ಕೊಟ್ಟೆ. ಮುಖ್ಯಾಧಿಕಾರಿಗಳು ನನ್ನನ್ನು ಕರೆದು, "ನೀವು ಹೇಳೋದು ನಿಜಾನೇ ಇರಬಹುದು, ಆದ್ರೆ ನನಗೂ ಮೇಲೆ ಕೆಳಗೆ ನೋಡಬೇಕಲ್ಲಮ್ಮ" ಎಂದರು. ಇಂಥ ಮಾತು ಕೇಳಿದಾಗಲೆಲ್ಲ ಕೆಟ್ಟವರಿಗಿಂತ ಇಂಥವರೇ ಹೆಚ್ಚು ಕೆಡಿಸುತ್ತಾರೆ ಅನ್ನಿಸುತ್ತದೆ.

ಮುಂಗಾರಿನ ಮೊದಲ ಹನಿಗಳು ಬಿದ್ದವು. ಮಳೆ ಆ ಗುಡ್ಡೆಯ ಮೇಲಿನ ವಾಸನೆಯನ್ನು ತೊಳೆದುಬಿಟ್ಟಿತ್ತು, ಒಳಗಿನ ವಿಷವನ್ನಲ್ಲ. ಕೆರೆಯಂಗಳದ ಹಸಿ ಹುಲ್ಲಿಗೆ ಹೋದ ಕೆಂಪಮ್ಮನ ಕುರಿಗಳಲ್ಲಿ ಕೆಲವು ಗುಡ್ಡೆಗೆ ಬಾಯಿ ಹಾಕಿದವು. ಸುದ್ದಿ ತಿಳಿದು ನಾನು ಓಡಿದಾಗ ಮೂರು ಸತ್ತಿದ್ದವು. ನಾಲ್ಕನೆಯದು ಗಬ್ಬದ ಕುರಿ, ಬಾಯಲ್ಲಿ ನೊರೆ. ಕೆಂಪಮ್ಮ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣ್ಣಿನಲ್ಲಿ ಕೂತಿದ್ದರು. ದನದ ಡಾಕ್ಟರು ಬರುವಷ್ಟರಲ್ಲಿ ಅದೂ ಹೋಯಿತು.

"ಯಾರ್ದವ್ವ ಈ ಪಾಪ?" ಎಂದು ನನ್ನನ್ನು ಕೇಳಿದರು. ನಾನು ಉತ್ತರ ಕೊಡುವ ಮೊದಲೇ, "ನಾನು ಹೋಗಿ ಕೇಳ್ತೀನಿ. ತಪ್ಪಾಯ್ತು ಅಂತ ಅವ್ರ ಬಾಯಲ್ಲಿ ಬರ್ಲಿ. ದುಡ್ಡು ಬ್ಯಾಡ ನಂಗೆ" ಎಂದು ಎದ್ದರು.

ಸೆರಗಿಗೆ ಮೆತ್ತಿದ ಮಣ್ಣಿನಲ್ಲೇ ಪುರಸಭೆಯ ಮೆಟ್ಟಿಲು ಹತ್ತಿದರು. ಅವರಿಗೆ ಸಿಕ್ಕ ಉತ್ತರ ಒಂದು ನೋಟೀಸು. ಪುರಸಭೆಯ ಕಸ ಹಾಕುವ ಜಾಗದಲ್ಲಿ ಅನುಮತಿ ಇಲ್ಲದೆ ಕುರಿ ಮೇಯಿಸಿದ್ದು ತಪ್ಪು, ಮತ್ತೆ ಹಾಗಾದರೆ ಕ್ರಮ ಜರುಗಿಸಲಾಗುವುದು. ಅವರ ತಾತನ ಕಾಲದಿಂದ ಕುರಿ ಮೇಯ್ದ ಕೆರೆ ಅದು. ಅದು ಕಸ ಹಾಕುವ ಜಾಗವಾಗಿ ಇನ್ನೂ ಒಂದು ಬೇಸಿಗೆ ಮುಗಿದಿರಲಿಲ್ಲ. ಆ ನೋಟೀಸನ್ನು ನಾನೇ ಅವರಿಗೆ ಓದಿ ಹೇಳಿದೆ. ಕೆಂಪಮ್ಮ ಪೂರ್ತಿ ಕೇಳಿ, "ಅಂದ್ರೆ ತಪ್ಪು ನಂದೇ ಅಂತಾರಾ?" ಎಂದು ಒಂದೇ ಮಾತು ಕೇಳಿದರು.

ಜ್ಯೇಷ್ಠದ ಕೊನೆಯ ಲಗ್ನಗಳಲ್ಲಿ ಶಿವನಂಜಪ್ಪನವರ ಮಗಳ ಮದುವೆ ಬಂತು. ದೂರದೂರದವರನ್ನೆಲ್ಲ ಕರೆಸಿಕೊಂಡಿದ್ದರು. ಬೆಂಗಳೂರು, ಮೈಸೂರು, ಕನಕಪುರದ ಕಡೆಯ ನೆಂಟರು, ಗೂಡಿನ ವ್ಯಾಪಾರಿಗಳು, ಎಲ್ಲರಿಗೂ ಅಡುಗೆ. ಹಿಂದಿನ ಸಂಜೆಯಿಂದಲೇ ಹಿಡಿದ ಮಳೆ ಮುಹೂರ್ತದ ಹೊತ್ತಿಗೂ ಬಿಡಲಿಲ್ಲ. ಹೆದ್ದಾರಿಗೆ ಮರಗಳು ಉರುಳಿದವು, ಹಳ್ಳ ಸೇತುವೆಯ ಮೇಲೆ ಹರಿಯಿತು, ಬಸ್ಸುಗಳು ನಿಂತವು. ತಾಳಿ ಕಟ್ಟಿದ್ದಾಯಿತು. ಆದರೆ ಮೊದಲ ಪಂಕ್ತಿಯೇ ಅರ್ಧ ತುಂಬಲಿಲ್ಲ. ಎರಡನೆಯದಕ್ಕೆ ಜನವೇ ಇಲ್ಲ.

ನಿಯಮದ ಪ್ರಕಾರ ನಾನೂ ಮುನಿಯಪ್ಪನೂ ಹಿತ್ತಲಲ್ಲಿ ಇದ್ದೆವು. ಸಾಲಾಗಿ ಕೊಪ್ಪರಿಗೆಗಳು, ಮುಚ್ಚಳ ತೆಗೆದರೆ ಹಬೆ. ಶಿವನಂಜಪ್ಪನವರು ಬಂದು ಅದನ್ನು ನೋಡುತ್ತ ನಿಂತರು. ರೇಷ್ಮೆ ಶಲ್ಯ ನೆನೆದು ಮೈಗೆ ಅಂಟಿತ್ತು. ಹಾಗೆ ನಿಂತವರನ್ನು ಕಂಡು ನನಗೆ ಒಂದು ತೊಟ್ಟೂ ಮರುಕ ಬರಲಿಲ್ಲ. ಸುಳ್ಳು ಯಾಕೆ ಬರೆಯಲಿ, ಒಳಗೊಳಗೇ ಖುಷಿಯಾಯಿತು. ಮುನಿಯಪ್ಪನ ಕೈಯಿಂದ ಡಬ್ಬಿ ತೆಗೆದು ಅವರ ಮುಂದೆ ಹಿಡಿದೆ. "ನಿಯಮ ಇದೆಯಲ್ಲ ಸಾರ್" ಎಂದೆ.

ಅವರು ಡಬ್ಬಿ ಮುಟ್ಟಲಿಲ್ಲ. "ನನ್ ಮಗಳ ಮದ್ವೆ ಅನ್ನ ಕಣಮ್ಮ ಇದು" ಎಂದರು. ಉಳಿದವರ ಹೆಣ್ಣುಮಕ್ಕಳ ಮದುವೆಯ ಅನ್ನ ಏನಾಗಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರು ಮುನಿಯಪ್ಪನಿಗೆ, "ಓಗ್ಲಾ, ಆ ಕೆಂಪಮ್ಮನ್ನ ಕರ್ಕಂಬಾ. ನೂಲಿನ ಬೀದಿಯೋರ್ಗೂ ಹೇಳು. ಪಾತ್ರೆ ತಂದು ಹಿಂದ್ಗಡೆಯಿಂದ ತಕ್ಕಂಡೋಗ್ಲಿ" ಎಂದರು.

ಆ ಹೆಂಗಸರು ಬರಬಾರದು ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ಕೊಪ್ಪರಿಗೆಯಲ್ಲೇ ಹಳಸಿ ನಾರಲಿ, ಊರಿಗೆಲ್ಲ ಗೊತ್ತಾಗಲಿ ಅನ್ನುವಷ್ಟು ಸಿಟ್ಟಿತ್ತು.

ಅವರು ಬಂದರು. ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೆಂಪಮ್ಮ ಮುಂದೆ, ಹಿಂದೆ ಬೀದಿಯ ಹೆಂಗಸರು, ಮಕ್ಕಳು. ಆದರೆ ಹಿಂಬಾಗಿಲಿಗೆ ಬರಲಿಲ್ಲ. ಮುಂದಿನ ಬಾಗಿಲಲ್ಲಿ, ಬಾಳೆಕಂಬದ ಕೆಳಗೆ ನಿಂತರು. ಯಾರ ಕೈಯಲ್ಲೂ ಒಂದು ಪಾತ್ರೆ ಇರಲಿಲ್ಲ.

ಶಿವನಂಜಪ್ಪನವರು ಓಡಿಬಂದರು. "ಪಾತ್ರೆ ಎಲ್ಲಮ್ಮ? ಇಂಗೆ ಯಾಕ್ ಬಂದ್ರಿ? ಹಿಂದ್ಕೆ ಬನ್ನಿ."

"ಹೊರಕ್ಕೆ ತಕ್ಕಂಡೋಗ್ಬಾರ್ದು ಅಂತ ರೂಲ್ ಮಾಡಿರೋರು ನೀವೇ ಅಲ್ವಾ ಯಜಮಾನ್ರೆ?" ಎಂದರು ಕೆಂಪಮ್ಮ. ದನಿ ಎತ್ತರಿಸಲಿಲ್ಲ. "ನಾವ್ಯಾಕೆ ರೂಲ್ ಮೀರಾಣ? ಒಳಗೇ ಕೂತ್ಕಂಡು ಉಣ್ತೀವಿ. ಎಲೆ ಹಾಕ್ಸಿ."

ವಾಲಗದವರು ಊದುವುದನ್ನು ನಿಲ್ಲಿಸಿದರು. ಒಳಗಿದ್ದ ಅಷ್ಟಿಷ್ಟು ನೆಂಟರು ಬಾಗಿಲಿಗೆ ಬಂದು ಇಣುಕಿದರು. ಶಿವನಂಜಪ್ಪನವರ ಮುಖ ಕಪ್ಪಿಟ್ಟಿತು. "ಅದೆಂಗಾಯ್ತದೆ? ನೆಂಟ್ರು ಕೂರೋ ಜಾಗದಲ್ಲಿ..." ಎಂದು ಶುರು ಮಾಡಿದರು.

ಆಗ ಒಳಗಿನಿಂದ ಅವರ ಹೆಂಡತಿ ಪಾರ್ವತಮ್ಮ ಬಂದರು. ಇಡೀ ಬೇಸಿಗೆ ಆಕೆಯ ಮಾತನ್ನು ಒಂದು ಸಲವೂ ನಾನು ಕೇಳಿರಲಿಲ್ಲ. ಗಂಡನನ್ನು ನೋಡದೆ, ಬಾಗಿಲಲ್ಲಿ ನಿಂತವರಿಗೆ ಹೇಳಿದರು. "ಬನ್ನಿ ಕೆಂಪಮ್ಮ, ಎಲ್ರೂ ಬನ್ನಿ. ಕಾಲ್ ತೊಳ್ಕಂಡು ಒಳೀಕೆ ಬನ್ನಿ. ನನ್ ಮಗ್ಳು ತಾಳಿ ಕಟ್ಟಿಸ್ಕಂಡವ್ಳೆ, ಕೂತು ಉಂಡು ಹರಸಿ ಹೋಗಿ. ಖಾಲಿ ಪಂಕ್ತಿ ನೋಡಿ ನನ್ ಹೊಟ್ಟೆ ಉರೀತಾ ಐತೆ."

ಜರೀನಾ ಹೊಸ್ತಿಲಲ್ಲಿ ಹಿಂಜರಿದಳು, ಮೈಯ ಹುಳದ ವಾಸನೆಗೆ ನಾಚಿರಬೇಕು. ಪಾರ್ವತಮ್ಮ ಅವಳ ಬಿರಿದ ಕೈಯನ್ನೇ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದರು.

ಬಡಿಸುವವರು ಮಳೆಯಿಂದ ಅರ್ಧಕ್ಕರ್ಧ ಬಂದಿರಲಿಲ್ಲ. ಭಟ್ಟರು ಸೌಟು ಹಿಡಿದರು, ನಾನು ಪಲ್ಯದ ಬಕೆಟ್ ಹಿಡಿದೆ, ಮುನಿಯಪ್ಪ ನೀರು ಕೊಟ್ಟ. ಪಂಕ್ತಿಯ ಮೇಲೆ ಪಂಕ್ತಿ ಕೂತಿತು. ಮಕ್ಕಳು ಚಿರೋಟಿಯನ್ನು ಹೇಗೆ ಮುರಿಯುವುದೆಂದು ತಿಳಿಯದೆ ಪಕ್ಕದವರನ್ನು ನೋಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಮದುಮಗಳೇ ಬಂದು ತುಪ್ಪ ಬಡಿಸಿದಳು. ಶಿವನಂಜಪ್ಪನವರು ಕಂಬಕ್ಕೆ ಒರಗಿ ನಿಂತೇ ಇದ್ದರು. ಬಡಿಸಲೂ ಇಲ್ಲ, ತಡೆಯಲೂ ಇಲ್ಲ.

ಕೈ ತೊಳೆದ ಮೇಲೆ ಕೆಂಪಮ್ಮ ಅವರ ಎದುರಿಗೆ ಹೋಗಿ ನಿಂತರು. "ಊಟ ಚೆನ್ನಾಗಿತ್ತು ಯಜಮಾನ್ರೆ. ಮಗ್ಳು ನೂರ್ ಕಾಲ ಬಾಳ್ಲಿ. ನನ್ ಕುರಿ ಮಾತು ಬೇರೆ, ಅದು ಹಂಗೇ ಐತೆ" ಎಂದರು. ಶಿವನಂಜಪ್ಪನವರು ನೆಲ ನೋಡಿದರು. ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು ಅವರ ಬಾಯಿಂದ ಬರಲಿಲ್ಲ.

ಆಷಾಢ ಹುಟ್ಟುವ ಮೊದಲೇ ನನ್ನನ್ನು ಮರಳವಾಡಿಯ ಕಡೆಗೆ ಹಾಕಿದರು. ಆಡಳಿತದ ಹಿತದೃಷ್ಟಿಯಿಂದ ವರ್ಗ ಎಂದು ಬರೆದಿದ್ದರು. ನಿಯಮವನ್ನು ಯಾರೂ ತೆಗೆಯಲಿಲ್ಲ. ಆದರೆ ಮುಂದಿನ ಲಗ್ನಗಳಲ್ಲಿ ಫಿನಾಯಿಲ್ ಡಬ್ಬಿ ಹಿಡಿದು ಬರಲು ಯಾರಿಗೂ ಮುಖವಿರಲಿಲ್ಲ ಎಂದು ಮುನಿಯಪ್ಪ ಆಮೇಲೆ ಸಿಕ್ಕಾಗ ಹೇಳಿದ. ಒಡೆದ ಪೈಪು ಇನ್ನೊಂದು ಸಲ ಮಕ್ಕಳು ಕಾಯಿಲೆ ಬಿದ್ದ ಮೇಲೆ ದುರಸ್ತಿಯಾಯಿತಂತೆ.

ನಾನು ಹೊರಡುವ ದಿನ ಕೆಂಪಮ್ಮ ಬಸ್ ನಿಲ್ದಾಣಕ್ಕೆ ಬಂದಿದ್ದರು. ಮಡಿಲಿಗೆ ಒಂದಿಷ್ಟು ಹುರಿಗಡಲೆ, ಬೆಲ್ಲ ಕಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. "ನಿಮ್ಮ ಕುರಿಗೆ ನ್ಯಾಯ ಕೊಡಿಸೋಕೆ ಆಗ್ಲಿಲ್ಲ ಕೆಂಪಮ್ಮ. ಅವರು ಒಪ್ಪಿಕೊಳ್ಳೋದೇ ಇಲ್ಲ" ಎಂದೆ.

"ಅವ್ರು ಒಪ್ಪಕ್ಕಿಲ್ಲ ಅಂತ ನಂಗೂ ಗೊತ್ತು ಕಣವ್ವ" ಎಂದರು. "ಆದ್ರೆ ಕೆಂಪಮ್ಮ ಕೇಳ್ದೆ ಬುಟ್ಬುಟ್ಳು ಅಂತ ಆಗ್ಬಾರ್ದು. ಅದ್ಕೇ ಸಂತೆ ದಿನ ಬಂದಾಗ್ಲೆಲ್ಲ ಆಫೀಸ್ ಒಳೀಕೆ ಹೋಗಿ, ನನ್ ಕುರಿ ಯಾಕ್ ಸತ್ವು ಅಂತ ಕೇಳ್ತೀನಿ. ಕೂತ್ಕಳಮ್ಮ ಅಂತಾರೆ, ಕೂತ್ಕತೀನಿ. ಸಾಹೇಬ್ರಿಲ್ಲ ಅಂತಾರೆ, ಎದ್ದು ಬತ್ತೀನಿ. ಮುಂದಿನ ವಾರ ಮತ್ತೆ ಹೋಯ್ತೀನಿ."

ಬಸ್ಸು ಹೊರಟಿತು. ಅಂದು ಊರಿನ ಸಂತೆ. ತಿರುವಿನಲ್ಲಿ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಜನ, ಗಾಡಿ, ಗೂಡಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಕೆಂಪಮ್ಮ ಪುರಸಭೆಯ ಮೆಟ್ಟಿಲು ಹತ್ತುತ್ತಿದ್ದರು.